ಹಿತಕಿದ ಬೇಳೆ ರಾತ್ರಿಗಿರಲಿ

ನಿನ್ನೆ ಈ ವರ್ಷದ ಮೊದಲ ಅವರೆಕಾಯಿ ತಂದೆ. ಸುಲಿದು ಮುಗಿಸಿ ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಬೆರಳಿನ ಸೊಗಡು ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು. ಆ ವಾಸನೆ ಬಂದರೆ ನನಗೆ ಎದುರು ಮನೆಯ ಮಾವ ನೆನಪಾಗುತ್ತಾರೆ...

ಮಾವ ಅಂದರೆ ನೆಂಟರಲ್ಲ. ಚಿಕ್ಕವಳಿದ್ದಾಗಿನಿಂದ ಹಾಗೆ ಕರೆದು ಅಭ್ಯಾಸ. ಅವರ ಹೆಂಡತಿ ನನಗೆ ಅತ್ತೆ. ಮಾವ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯಾಗಿ ದುಡಿದು ನಿವೃತ್ತರಾದವರು. ಆಮೇಲೂ ಆ ಗೇಟಿನ ಗತ್ತು ಬಿಟ್ಟಿರಲಿಲ್ಲ. ನಮ್ಮ ಬೀದಿಗೆ ಹೊಸಬರು ಯಾರೇ ಬರಲಿ, "ಯಾರ್ ಮನೆಗಪ್ಪಾ?" ಎಂದು ವಿಚಾರಿಸಿಯೇ ಮುಂದಕ್ಕೆ ಬಿಡುತ್ತಿದ್ದರು.

ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಯಿತು. ಬೆಂಗಳೂರಿನ ಡಾಕ್ಟರು ಕೊಟ್ಟ ಮಾತ್ರೆ ಶುರುವಾದ ಮೇಲೆ ಚೇತರಿಸಿಕೊಂಡರು. ಸಂಜೆ ತಾವೇ ನಡೆದು ಮೂಲೆಯ ಅಂಗಡಿಯಲ್ಲಿ ಟೀ ಕುಡಿದು ಬರುವಷ್ಟು. ಮನೆಯಲ್ಲಿ ಅತ್ತೆ ಮಾಡುವುದು ಟೀಯೇ ಅಲ್ಲ ಎನ್ನುವುದು ಅವರ ತೀರ್ಮಾನವಾಗಿತ್ತು.

ಆ ವರ್ಷ ಅವರೆಕಾಯಿ ಕಾಲ ಬಂತು, ಮಾವನ ಓಡಾಟ ನಿಂತಿತು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿದ್ದರು. ಮಧ್ಯಾಹ್ನ ಅವರೆಕಾಳಿನ ಸಾರಿನಲ್ಲಿ ಹೊಟ್ಟೆ ತುಂಬ ಉಂಡು, ಮಾತ್ರೆ ನುಂಗಿ, ಸ್ವಲ್ಪ ಮಲಗಿ ಎದ್ದರೆ ಹೊಸಿಲಿನ ಹತ್ತಿರ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಿದ್ದರು. ಟೀ ಅಂಗಡಿ ಅಲ್ಲಿಂದಲೇ ಕಾಣುತ್ತಿತ್ತು... ಅತ್ತೆಗೆ ಇದು ನಿಶ್ಶಕ್ತಿಯೇ ಇರಬೇಕು ಅನ್ನಿಸಿತು. ದಿನಾ ಅವರೆಕಾಳು ನೆನೆಸಿ, ಸಿಪ್ಪೆ ಹಿತಕಿ ತೆಗೆದು, ಮುದ್ದೆಗೆ ಇನ್ನೂ ಗಟ್ಟಿಯಾಗಿ ಹಿತಕಿದ ಬೇಳೆ ಸಾರು ಮಾಡಿದರು, ಜೊತೆಗೆ ಮೊಟ್ಟೆ ಬೇಯಿಸಿಟ್ಟರು. ನಮ್ಮ ಮನೆಯಿಂದಲೂ ಒಂದು ಬಟ್ಟಲು ಹೋಗುತ್ತಿತ್ತು.

"ಮಾತ್ರೆ ಸೋತ್ಹೋಯ್ತು ಕಣಮ್ಮ. ಇನ್ನೇನಿದ್ರೂ ಹಾಸಿಗೇನೇ," ಎಂದರು ಮಾವ ಒಂದು ದಿನ. ಸದಾ ತಮಾಷೆ ಮಾಡುವ ಮನುಷ್ಯ ಅಷ್ಟು ತಣ್ಣಗೆ ಹೇಳಿದ್ದು ಕೇಳಿ ನನಗೆ ಭಯವಾಯಿತು. ಅತ್ತೆ ಎದ್ದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ.

ನಾನು ರಜೆ ಹಾಕಿ ಇಬ್ಬರನ್ನೂ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ಮಾವನನ್ನು ನಡೆಸಿ ನೋಡಿದರು, ಯಾವ ಹೊತ್ತಿನಲ್ಲಿ ಹೀಗಾಗುತ್ತದೆಂದು ಕೇಳಿದರು, ಕೊನೆಗೆ ಊಟದಲ್ಲಿ ಏನೇನು ಇರುತ್ತದೆ ಎಂದರು. ಅತ್ತೆ ಹೆಮ್ಮೆಯಿಂದಲೇ ಎಲ್ಲ ಹೇಳಿದರು. ಡಾಕ್ಟರು ನಕ್ಕುಬಿಟ್ಟರು. ನನಗೆ ಒಳಗೇ ಸಿಟ್ಟು ಬಂತು.

ಆಮೇಲೆ ಬಿಡಿಸಿ ಹೇಳಿದರು. ಬೇಳೆ, ಮೊಟ್ಟೆಯ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗಿ ರಕ್ತ ಸೇರುತ್ತದಂತೆ. ರಕ್ತದಲ್ಲಿರುವುದೆಲ್ಲ ಮಿದುಳಿನೊಳಕ್ಕೆ ನುಗ್ಗುವ ಹಾಗಿಲ್ಲ, ನಡುವೆ ಬಿಗಿಯಾದ ತಡೆಗೋಡೆ ಇದೆ. ಅಮೈನೋ ಆಮ್ಲಗಳನ್ನು ದಾಟಿಸುವುದಕ್ಕೆಂದೇ ಅದರಲ್ಲಿ ಬಾಗಿಲುಗಳಿವೆ. ಮಾವನ ಔಷಧಿಯೂ ಒಂದು ಅಮೈನೋ ಆಮ್ಲವೇ. ಅದೂ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಊಟದಿಂದ ಬಂದವು ಗುಂಪುಗಟ್ಟಿದರೆ ಔಷಧಿ ಹೊರಗೇ ಕಾಯುತ್ತದೆ.

ಮಾವ ನೆಟ್ಟಗೆ ಕೂತರು. "ಶಿಫ್ಟ್ ಟೈಮಲ್ಲಿ ಗೇಟಿಗೆ ಬಂದಂಗೆ ಅನ್ನಿ ಸಾರ್. ಬಸ್ಸೆಲ್ಲ ಒಟ್ಟಿಗೆ ಬಂದ್ಬಿಟ್ರೆ ಮ್ಯಾನೇಜರ್ರೂ ಆಚೇನೇ ನಿಂತಿರ್ಬೇಕು."

"ಹಾಗಾದ್ರೆ ಮ್ಯಾನೇಜರನ್ನ ಮೊದ್ಲು ಒಳಗೆ ಕಳ್ಸಿ," ಎಂದರು ಡಾಕ್ಟರು. "ಊಟಕ್ಕೆ ಒಂದು ಗಂಟೆ ಮುಂಚೇನೇ ಮಾತ್ರೆ ತಗೊಳ್ಳಿ. ಬೇಳೆ, ಮೊಟ್ಟೆ ರಾತ್ರಿಗಿರ್ಲಿ. ನಿಮ್ ಕಾಯಿಲೆ ಏನೂ ಹೆಚ್ಚಾಗಿಲ್ಲ."

ಕಾಯಿಲೆ ಹೆಚ್ಚಾಗಿಲ್ಲ... ಆ ಒಂದು ಮಾತಿಗೆ ಅತ್ತೆ ಅಲ್ಲೇ ಅತ್ತುಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ, "ಇಷ್ಟ್ ದಿನ ನನ್ ಕಾಲು ಕಟ್ಟಾಕಿದ್ದು ನಿನ್ ಸಾರು ಕಣೇ," ಎಂದು ಛೇಡಿಸಿದರು. "ಇನ್ನೊಂದ್ ಸೌಟು ಹಾಕು ಅಂತಿದ್ದೋರು ಯಾರೋ," ಎಂದು ಅತ್ತೆ ಕಿಟಕಿಯ ಕಡೆ ತಿರುಗಿ ನಕ್ಕರು.

ಕೆಲವು ದಿನಗಳ ಮೇಲೆ ಒಂದು ಸಂಜೆ ಮಾವ ಹೊಸಿಲು ದಾಟಿ ಬೀದಿಗೆ ಇಳಿದದ್ದನ್ನು ನಮ್ಮ ಬಾಗಿಲಿನಿಂದ ನೋಡಿದೆ. ಅವರೂ ನನ್ನನ್ನು ನೋಡಿದರು. "ಗೇಟ್ ಕ್ಲಿಯರ್ ಕಣಮ್ಮ," ಎಂದು ಹೇಳಿ ಟೀ ಅಂಗಡಿ ಕಡೆ ಹೊರಟರು. ಆಮೇಲಿನ ವರ್ಷಗಳಲ್ಲಿ ಕಾಯಿಲೆ ತನ್ನ ಪಾಡಿಗೆ ನಿಧಾನವಾಗಿ ಮುಂದುವರಿಯಿತು, ನಿಜ. ಆದರೆ ಅವರು ಹೆದರಿದ್ದ ಹಾಸಿಗೆ ಬರಲೇ ಇಲ್ಲ. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ಸಂಜೆಯೂ ಟೀಗೆ ಹೋಗಿದ್ದರು ಎಂಬುದು ನಮಗೆಲ್ಲ ದೊಡ್ಡ ಸಮಾಧಾನ.

ನಿನ್ನೆಯ ಅವರೆಕಾಯಿಯಲ್ಲಿ ಅರ್ಧ ಅತ್ತೆಗೆ ಕೊಟ್ಟಿದ್ದೆ. ಇವತ್ತು ಮಧ್ಯಾಹ್ನ ಬಟ್ಟಲಲ್ಲಿ ಹಿತಕಿದ ಬೇಳೆ ಸಾರು ತಂದರು. "ಈಗ್ಲೇ ಉಣ್ಬೇಡ, ರಾತ್ರಿಗಿರ್ಲಿ," ಎಂದರು. ಅಂದ ಮೇಲೆ ಅವರಿಗೇ ಹೊಳೆಯಿತು. ಮಾತ್ರೆ ನುಂಗುವವರು ಎರಡು ಮನೆಯಲ್ಲೂ ಯಾರೂ ಇಲ್ಲ. ಇಬ್ಬರೂ ನಕ್ಕೆವು. ಆಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋದರು.

ನಾನು ಬಟ್ಟಲನ್ನು ಮುಚ್ಚಿಟ್ಟೆ. ಮಧ್ಯಾಹ್ನದ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲೇ ಉಂಡೆ.