ಶರೀಫಾ ಮೇಡಂ ಮತ್ತು ಕೊಪ್ಪಳದ ಪೇಡೆ

ಶರೀಫಾ ಮೇಡಂ ಊಟದ ಡಬ್ಬಿ ತೆರೆದರೆ ಚಟ್ನಿಗಿಂತ ಮೊದಲು ಅದರ ಆಧಾರ ಹೊರಗೆ ಬರುತ್ತಿತ್ತು. "ಇದು ಶೇಂಗಾ ಚಟ್ನಿ. ಮಾಡೂ ರೀತಿ ನಂದಲ್ಲ, ನಮ್ಮ ಮಗ್ಗಲ ಮನಿ ಈರಮ್ಮಂದು. ಅಕಿಗೆ ಅಕಿ ಅತ್ತಿ ಹೇಳಿಕೊಟ್ಟಿದ್ದಂತ. ಉಪ್ಪು ಹೆಚ್ಚಾಗಿದ್ದಷ್ಟು ನಂದು," ಎಂದು ಹೇಳಿದ ಮೇಲೆಯೇ ರೊಟ್ಟಿ ಮುರಿಯುತ್ತಿದ್ದರು. ಉಪ್ಪು ಯಾವಾಗಲೂ ಹೆಚ್ಚಾಗಿಯೇ ಇರುತ್ತಿತ್ತು. ಕಾಲೇಜಿನ ಬೇವಿನ ಗಿಡದ ಕೆಳಗೆ ಅವರ ಜೊತೆ ಉಣ್ಣಲು ಕೂಡುತ್ತಿದ್ದ ನಾವು ಹುಡುಗಿಯರು ನೀರಿನ ಬಾಟಲಿ ತುಂಬಿಕೊಂಡೇ ಹೋಗುತ್ತಿದ್ದೆವು.

ಮೇಡಂ ಗಂಗಾವತಿಯವರು. ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು ನಮಗೆ ಇತಿಹಾಸ ಕಲಿಸುತ್ತಿದ್ದರು. ತಡವಾಗಿ ಬಂದ ದಿನವೂ ಸುಮ್ಮನೆ ಕಾರಣ ಹೇಳುವವರಲ್ಲ. "ರೈಲ್ವೆ ಗೇಟ್ ಬಿದ್ದಿತ್ತಂತ. ಇದು ಕಂಡಕ್ಟರ್ ಹೇಳಿದ್ದು. ನಂಗ ನಿದ್ದಿ ಹತ್ತಿತ್ತು, ನಾ ನೋಡಿಲ್ಲ," ಎನ್ನುತ್ತಿದ್ದರು. ಯಾರ ಬಗ್ಗೆಯಾದರೂ ನಾವು ಚಾಡಿ ಶುರು ಮಾಡಿದರೆ ಕನ್ನಡಕದ ಮೇಲಿಂದ ನೋಡಿ, "ಯಾರು ಹೇಳಿದ್ರು? ನೀ ನೋಡಿದೇನು?" ಎಂದು ಕೇಳುತ್ತಿದ್ದರು. ಅಲ್ಲಿಗೆ ಆ ಮಾತು ಅಡ್ಡ ಮಲಗುತ್ತಿತ್ತು. ಹೀಗಾಗಿ ನಮ್ಮ ಕಾಲೇಜಿನ ಒಳ್ಳೊಳ್ಳೆಯ ಸುದ್ದಿಗಳೆಲ್ಲ ಮೇಡಂ ಇಲ್ಲದ ಕಡೆಯೇ ಬೆಳೆದವು.

ಕೊನೆಯ ಸೆಮಿಸ್ಟರಿಗೆ ನಾವೆಲ್ಲ ಒಂದೊಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಕಂಡವರ ಪುಸ್ತಕದಿಂದ ಸಾಲು ಎತ್ತಿ ನಮ್ಮದೆಂದು ಬರೆಯಬಾರದು ಎಂಬುದನ್ನು ಮೇಡಂ ತಿಳಿಸಿದ ರೀತಿ ಇನ್ನೂ ಕಿವಿಯಲ್ಲಿದೆ. "ಮಗ್ಗಲ ಮನಿಯಿಂದ ಹೆಪ್ಪು ತರ್ತೀರಿಲ್ಲೋ? ಕೇಳಿ ತರ್ತೀರಿ. ಕದ್ದು ತರೂದಿಲ್ಲ. ಹೆಪ್ಪು ಯಾರ ಮನೀದು ಅಂತ ಹೇಳ್ರಿ, ಮೊಸರು ನಿಮ್ಮದ. ಅವರ ಮಾತು ಇದ್ದಂಗ ಇಟ್ರ ಉದ್ಧರಣ ಚಿಹ್ನಿ ಹಾಕ್ರಿ. ನಿಮ್ಮ ಮಾತಿನಾಗ ಬರದ್ರೂ ಹಾಳಿ ಅಡಿಯೊಳಗ ಅವರ ಹೆಸರು ಇರಲಿ." ನಾವೆಲ್ಲ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಬಸವರಾಜ.

ಬಸ್ಯಾ ಬೇವೂರಿನವನು, ನನ್ನ ಬೆಂಚಿನ ಹಿಂದಿನ ಬೆಂಚಿನವನು. ಅಪ್ಪ ಕುರಿ ಸಾಕಿದವರು. ಇವನು ಪಾಸಾದರೆ ಮನೆಗೆ ಮೊದಲ ಡಿಗ್ರಿ, ಆಮೇಲೆ ಬಿ.ಎಡ್., ಆಮೇಲೆ ನೌಕರಿ ಎಂದು ಮನೆಯವರೆಲ್ಲ ಲೆಕ್ಕ ಹಾಕಿಕೊಂಡು ಕೂತಿದ್ದರು. ಅವನಿಗೋ ಬರೆಯುವುದೆಂದರೆ ಮೈಗಳ್ಳತನ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಿತ್ತು. ಅಲ್ಲಿ ಕಂಪ್ಯೂಟರಿನಲ್ಲಿ ಹಳೆಯ ಪ್ರಾಜೆಕ್ಟುಗಳು ತಯಾರಾಗಿಯೇ ಇರುತ್ತಿದ್ದವು. ಊರು, ಹೆಸರು ಬದಲಿಸಿ ಬೈಂಡ್ ಮಾಡಿ ಕೊಡುತ್ತಿದ್ದರು. ಬಸ್ಯಾ ಆರಿಸಿದ್ದು 'ಧಾರವಾಡ ಜಿಲ್ಲೆಯ ಆಹಾರ ಪದ್ಧತಿ'. ಅಂಗಡಿಯವನು ಒಂದು ಗುಂಡಿ ಒತ್ತಿ ಧಾರವಾಡ ಇದ್ದಲ್ಲೆಲ್ಲ ಕೊಪ್ಪಳ ಮಾಡಿಕೊಟ್ಟ. ಬಸ್ಯಾ ಅದನ್ನು ತೆರೆದೂ ನೋಡದೆ ಮೇಡಂ ಕೈಗೆ ಕೊಟ್ಟು ಬಂದ.

ಮರುದಿನ ಮೇಡಂ ಬಯ್ಯಲಿಲ್ಲ. ತುಂಬಿದ ಕ್ಲಾಸಿನಲ್ಲಿ ಪ್ರೀತಿಯಿಂದ ಕರೆದರು. "ಬಸವರಾಜ, ಕೊಪ್ಪಳದೊಳಗ ತಿಂಗಳುಗಟ್ಟಲೆ ಜಿಟಿಜಿಟಿ ಮಳಿ ಹಿಡೀತೈತಿ ಅಂತ ಬರದಿ. ಇರಲಿ, ಈ ಬರದ ಊರಿಗೆ ನಿನ್ನ ಬಾಯಿ ಹರಕಿ ಫಲಿಸಲಿ. ಆದ್ರ ಕೊಪ್ಪಳದ ಪೇಡೆ ಜಗತ್ಪ್ರಸಿದ್ಧ ಅಂತನೂ ಬರದಿ. ಇಷ್ಟು ವರ್ಷ ಈ ಊರಾಗ ನೌಕರಿ ಮಾಡೀನಿ, ನಂಗ ಒಬ್ರೂ ಹೇಳಲಿಲ್ಲ ನೋಡು! ಸಂಜಿಕ ಬಾ, ಅಂಗಡಿ ತೋರಸು. ಮಕ್ಕಳಿಗೆ ಒಯ್ತೀನಿ."

ಸಂಜೆ ಆ ಮೆರವಣಿಗೆಯ ಹಿಂದೆ ನಾನೂ ಹೋದೆ. ಇಂಥದ್ದನ್ನು ಬಿಟ್ಟು ಮನೆಗೆ ಹೋಗುವಷ್ಟು ಒಳ್ಳೆಯವಳು ನಾನಲ್ಲ.

ಮೊದಲ ಅಂಗಡಿಯವರು, "ಪೇಡೆ ಐತ್ರಿ, ಧಾರವಾಡದ್ದು," ಎಂದರು. "ಅದು ಬ್ಯಾಡ್ರಿ, ಕೊಪ್ಪಳದ್ದ ಬೇಕು," ಎಂದು ಮೇಡಂ ಮುಂದೆ ನಡೆದರು. ಎರಡನೆಯ ಅಂಗಡಿಯವರು ಕಣ್ಣು ಕಣ್ಣು ಬಿಟ್ಟಾಗ ಮೇಡಂ ಬಸ್ಯಾನ ಬೆನ್ನು ಮುಟ್ಟಿ, "ಇವರು ಅದರ ಮ್ಯಾಲೆ ಸಂಶೋಧನೆ ಮಾಡ್ಯಾರ್ರಿ," ಎಂದರು. ಆ ಪುಣ್ಯಾತ್ಮ ಕೈ ಒರೆಸಿಕೊಂಡು ಎದ್ದು ನಿಂತು, "ಹೌದ್ರೀ ಸರ? ಎಲ್ಲಿ ಮಾಡ್ತಾರ್ರಿ? ನಾನೂ ತರಸ್ತೀನಿ, ಅಡ್ರೆಸ್ ಕೊಡ್ರಿ," ಎಂದು ಗಂಟು ಬಿದ್ದ. ಬಸ್ಯಾನ ಮುಖ ಹುಳಿ ಹುಣಸೆ ತಿಂದವರ ಹಾಗಾಯಿತು.

ಮೂರನೆಯ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವನು ಕೈ ಮುಗಿದ. "ಮೇಡಂ, ಝೆರಾಕ್ಸ್ ಅಂಗಡಿಯಿಂದ ತಂದದ್ದರಿ."

"ಹಾಂ," ಎಂದರು ಮೇಡಂ. "ಇದು ನಿನ್ನ ಪ್ರಾಜೆಕ್ಟಿನ ಮೊದಲನೇ ಖರೇ ಆಧಾರ."

"ಒಂದು ಸಹಿ ಹಾಕಿಬಿಡ್ರಿ ಮೇಡಂ. ಇಲ್ಲಂದ್ರ ನನ್ನ ವರ್ಷ ಹೋಗ್ತೈತ್ರಿ. ಅಪ್ಪಗ ಏನು ಹೇಳಲಿ?" ಬಸ್ಯಾ ಮುಗಿದ ಕೈ ಬಿಡಲಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ನಾನೂ ನಗು ನಿಲ್ಲಿಸಿದೆ.

"ನನ್ನ ಸಹಿ ಅಂದ್ರ ಇದನ್ನ ನಾ ಓದೀನಿ, ಬಸವರಾಜ ಬರದಾನ ಅಂತ ಅರ್ಥ ಬೇಟಾ. ನಾ ಓದಿದ್ದು ಖರೇ. ನೀ ಬರದಿ ಅಂತ ಯಾರು ಹೇಳಿದ್ರು?" ಎಂದು ಮೇಡಂ ಅವನ ಹೆಗಲ ಮೇಲೆ ಕೈ ಇಟ್ಟರು. "ಇನ್ನೂ ಟೈಮ್ ಐತಿ. ಊರಿಗೆ ಹೋಗು. ಮನ್ಯಾಗ ಅಜ್ಜಿ ಅದಾಳಿಲ್ಲೋ? ಅಕಿ ಏನು ಅಡಗಿ ಮಾಡ್ತಿದ್ಲು, ಕೇಳಿ ಬರಿ. ಹೆಸರು, ಊರು, ಯಾವತ್ತು ಹೇಳಿದ್ಲು, ಎಲ್ಲಾ ಬರಿ."

ಬಸ್ಯಾ ಬೇವೂರಿಗೆ ಹೋಗಿ ಅಜ್ಜಿ ಹನಮವ್ವನ ಮುಂದೆ ಕುಳಿತ. ಪಕ್ಕದ ಮನೆಯ ಗಂಗವ್ವ ಕರೆಯದಿದ್ದರೂ ಬಂದು ಕುಳಿತಳು. ಹುಳಿ ಸೊಪ್ಪಿನ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಎಷ್ಟು ಹಾಕಬೇಕು ಎಂಬಲ್ಲಿಗೆ ಬಂದಾಗ ಇಬ್ಬರಿಗೂ ಜಗಳ ಹತ್ತಿತು. ಬಸ್ಯಾ ಇಬ್ಬರ ಮಾತನ್ನೂ ಅವರವರ ಹೆಸರಿನಲ್ಲೇ ಬರೆದುಕೊಂಡ. ಕೊನೆಗೆ ಮಾಹಿತಿ ಕೊಟ್ಟವರ ಹೆಸರು ಓದಿ ಹೇಳಿದಾಗ ಅಜ್ಜಿ ಸಿಡಿದಳು. "ಗಂಗಿ ಹೆಸರು ನನಗಿಂತ ಮೊದಲ ಯಾಕ ಬಂತೋ?"

"ಅಕ್ಷರದ ಪ್ರಕಾರ ಹಾಕಬೇಕಬೇ."

"ನಮಗ ಅಕ್ಷರ ಬರೂದಿಲ್ಲಂತ ಹಿಂದ ಹಾಕೀಯೇನು? ಅಕಿಗರೆ ಎಲ್ಲಿ ಬರ್ತೈತಿ?"

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ತಿರುವಿ ಹುಬ್ಬು ಗಂಟು ಹಾಕಿದರು. "ಏನ್ರಿ ಇದು, ಪುಸ್ತಕಾನ ಇಲ್ಲ, ಬರೇ ಅಜ್ಜಿಗೋಳು! ಅಜ್ಜಿ ಆಧಾರ ಆಗ್ತಾಳೇನು?" ಬಾಗಿಲ ಹೊರಗೆ ಸರದಿ ಕಾಯುತ್ತಿದ್ದ ನಮಗೆ ಮೇಡಂ ಮಾತು ಸ್ಪಷ್ಟವಾಗಿ ಕೇಳಿತು. "ಆಗ್ತಾಳ್ರಿ ಸರ್. ಹೆಸರು ಐತಿ, ಊರು ಐತಿ, ತಾರೀಖು ಐತಿ. ಸಂಶಯ ಬಂದ್ರ ಬೇವೂರು ಬಸ್ ಹಿಡೀರಿ. ಆದ್ರ ಒಬ್ಬಾಕಿನ್ನಷ್ಟ ಕೇಳಿ ಬರಬ್ಯಾಡ್ರಿ, ಇನ್ನೊಬ್ಬಾಕಿ ಬಿಡೂದಿಲ್ಲ." ಪರೀಕ್ಷಕರು ನಕ್ಕರು. ಬಸ್ಯಾ ಪಾಸಾದ.

ಈಗ ಅವನು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಬಸವರಾಜ ಸರ್. ಹೋದ ವರ್ಷ ಉರಿಯುತ್ತಾ ನನಗೆ ಫೋನ್ ಮಾಡಿದ. ಅವನ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟ್ ಕೊಟ್ಟಿದ್ದನಂತೆ. ಅದರಲ್ಲಿ 'ಈ ಮಾಹಿತಿಯನ್ನು ನನ್ನ ಅಜ್ಜಿ ಬೇವೂರಿನ ಹನಮವ್ವ ಕೊಟ್ಟಿದ್ದಾರೆ' ಎಂದಿತ್ತು! ಅಂದು ಬಸ್ಯಾ ಟೈಪ್ ಮಾಡಿಸಿ ಬೈಂಡ್ ಮಾಡಿಸಿದ್ದು ಅದೇ ಝೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನು ಅದನ್ನೂ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಮಾರುತ್ತಿದ್ದ. ವಿಚಾರಿಸಿದರೆ ಯಲಬುರ್ಗಾದಲ್ಲೂ, ಗಂಗಾವತಿಯಲ್ಲೂ ಹನಮವ್ವನ ಮೊಮ್ಮಕ್ಕಳು ಹುಟ್ಟಿಕೊಂಡಿದ್ದರು.

ನಾವಿಬ್ಬರೂ ಗಂಗಾವತಿಗೆ ಹೋಗಿ ಮೇಡಂಗೆ ಹೇಳಿದೆವು. ನಿವೃತ್ತರಾಗಿದ್ದರು, ತೀರಾ ಸೊರಗಿದ್ದರು, ದಿಂಬಿಗೆ ಒರಗಿದ್ದರು. ಆದರೂ ಮೊದಲು ಕೇಳಿದ್ದು, "ನೀ ಕಣ್ಣಾರೆ ನೋಡೀಯೇನು?" ಬಸ್ಯಾ ಹಾಳೆ ತೋರಿಸಿದ. ಕೆಮ್ಮು ಬರುವವರೆಗೆ ನಕ್ಕರು.

"ಫೇಲ್ ಮಾಡಿಬಿಡ್ತೀನ್ರಿ ಅವನ್ನ," ಎಂದ ಬಸ್ಯಾ.

"ನಿನ್ನ ನಾ ಫೇಲ್ ಮಾಡಿದ್ನೇನು? ಅಜ್ಜಿ ತೋರಸು ಬಾ ಅನ್ನು."

"ಅಜ್ಜಿ ತೀರಿಕೊಂಡು ಭಾಳ ದಿನಾ ಆತ್ರಿ ಮೇಡಂ."

ಮೇಡಂ ದಿಂಬು ಸರಿಸಿ ನೆಟ್ಟಗೆ ಕುಳಿತರು. ಆಮೇಲೆ, "ಗಂಗವ್ವ?" ಎಂದರು.

"ಅದಾಳ್ರಿ."

"ಹಂಗಾದ್ರ ಅಕಿ ಮುಂದ ಕುಂಡ್ರಸು. ಏನಾತು ಅಂತ ನಂಗ ಬಂದು ಹೇಳು."

ಬಸ್ಯಾ ಆ ಹುಡುಗನನ್ನು ಬೈಕಿನಲ್ಲಿ ಬೇವೂರಿಗೆ ಕರೆದುಕೊಂಡು ಹೋದ. ಗಂಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಹನಮಿಗೆ ನಾ ಕಾಣದ ಮೊಮ್ಮಗ ನೀ ಯಾವನಪಾ?" ಎಂದು ಶುರು ಮಾಡಿದವಳು ಸಂಜೆಯವರೆಗೂ ನಿಲ್ಲಿಸಲಿಲ್ಲವಂತೆ. ಬಯ್ಯುತ್ತಾ ಬಯ್ಯುತ್ತಾ ಅತ್ತಳಂತೆ. ಹುಡುಗ ಮನೆಗೆ ಹೋಗಿ ತನ್ನ ಸ್ವಂತ ಅಜ್ಜಿಯನ್ನು ಕೇಳಿ ಬೇರೆ ಪ್ರಾಜೆಕ್ಟ್ ಬರೆದು ತಂದ.

ಇದನ್ನು ಹೇಳಲು ನಾವು ಗಂಗಾವತಿಗೆ ಹೋಗಬೇಕೆಂದುಕೊಂಡ ವಾರವೇ ಮೇಡಂ ಹೋಗಿಬಿಟ್ಟರು. ಫೋನಿನಲ್ಲಿ ಸುದ್ದಿ ಬಂದಾಗ ನನ್ನ ಬಾಯಿಂದ ಬಂದದ್ದು, "ಯಾರು ಹೇಳಿದ್ರು? ನೀ ನೋಡಿದೇನು?" ಆ ಕಡೆ ಬಸ್ಯಾ ಅಳುತ್ತಿದ್ದ.

ಈಗ ನಾನೂ ಟೀಚರ್. ಮಧ್ಯಾಹ್ನ ಸಾಲೆಯಲ್ಲಿ ಡಬ್ಬಿ ತೆರೆದರೆ ಜೊತೆಯವರಿಗೆ ಹೇಳುತ್ತೇನೆ: "ಶೇಂಗಾ ಚಟ್ನಿ ರೀ. ರೀತಿ ನಂದಲ್ಲ, ನಮ್ಮ ಶರೀಫಾ ಮೇಡಂದು. ಅವರಿಗೆ ಈರಮ್ಮ ಹೇಳಿದ್ದು, ಈರಮ್ಮಗ ಅಕಿ ಅತ್ತಿ." ಉಪ್ಪು ಹೆಚ್ಚಾಗಿದೆ ಎಂದು ಎಲ್ಲರೂ ಮುಖ ಕಿವುಚುತ್ತಾರೆ. ಅದೂ ಮೇಡಂದೇ, ನಾನು ಬದಲಿಸಿಲ್ಲ.