ಬಂಡ್ರಿಯ ಬಿರುಕಿಗೆ ಸಗಣಿ ಸಾರಿಸಿದ್ದು

ಕಂಪ್ಲಿಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಸುದ್ದಿ ಬಂತು. ಬಂಡ್ರಿಯಲ್ಲಿ ನನ್ನ ನೆಗೆಣ್ಣಿ ಗಂಗಮ್ಮ ಹೊಸ ಮನೆ ಕಟ್ಟಬೇಕೆಂದಿದ್ದ ಜಾಗದಡಿ ಭೂಮಿ ಸೀಳಿದೆಯಂತೆ, ಭೂಕಂಪದ ಲೆಕ್ಕ ಹಾಕುವವರು ಅಗೆದು ನೋಡುತ್ತಿದ್ದಾರಂತೆ. ಮೊರ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಶಿವನ ದಯೆ. ಇನ್ನೂ ಬಾಡಿಗೆ ಮನೆಯಲ್ಲೇ ಇರುವ ನನಗೆ, ಅವನೇ ಕ್ಷಮಿಸಲಿ, ಸೀಟಿಗಿಂತ ಆ ಸುದ್ದಿಯೇ ಹಿತವಾಗಿತ್ತು.

ಅಲ್ಲಿ ಆಳೆತ್ತರದ ಗುಂಡಿ. ಅದರ ಗೋಡೆಗೆ ಗಂಗಮ್ಮ ಬೆಳಿಗ್ಗೆಯೇ ನೀಟಾಗಿ ಸಗಣಿ ಸಾರಿಸಿ ರಂಗೋಲಿ ಎಳೆದಿದ್ದಳು. ಬಿರುಕು ಅಳೆಯಲು ಬಂದಿದ್ದ ಹೊಸಪೇಟೆಯ ಹುಡುಗಿ ತಲೆ ಮೇಲೆ ಕೈ ಹೊತ್ತಳು.

"ಅಕ್ಕಾರ, ನಾ ನೋಡಬೇಕಾದ ಗೆರಿನೇ ಮುಚ್ಚೀರಲ್ರಿ!"

"ಇವತ್ತು ಶುಕ್ರವಾರ ರೀ. ಮಂದಿ ಬರೋ ಜಾಗದಾಗ ಗ್ವಾಡಿ ಹಂಗ ಬಿಡೂದು ಹೆಂಗ?"

ಈಗ ಬೈಗುಳ ಬೀಳುತ್ತದೆ ಎಂದು ಕಾದೆ. ಹುಡುಗಿ ನಕ್ಕು ಸಗಣಿ ಕೆರೆಯತೊಡಗಿದಳು. ಕೆಳಗಿಂದ ಎದ್ದ ಬಿರುಕು ಕೆಂಪು ಮಣ್ಣಿನ ಪದರದಡಿ ನಿಂತಿತ್ತು.

"ಈ ಪದರ ಒಡದಿಲ್ಲ ನೋಡ್ರಿ. ಅಂದ್ರ ಈ ಮಣ್ಣು ಬಂದು ಕುಂತ ಮ್ಯಾಲ ಬಿರುಕು ಸರಿದಿಲ್ಲ. ಎಷ್ಟುದ್ದ ಐತಿ, ಯಾವಾಗ ಸರಿದಿತ್ತು ಅಂತ ತಿಳದ್ರ ಎಂಥಾ ಭೂಕಂಪ ಬರಬಹುದು ಅಂತ ಅಂದಾಜು ಸಿಗತೈತಿ. ಗೆರಿ ಮ್ಯಾಲ ಮಾತ್ರ ಬ್ಯಾಡ, ದೂರ ಸರದು ಕಟ್ರಿ."

ಭೂಮಿ ಸೀಳಿದರೂ ಅವಳಿಗೆ ಮನೆ! ನನ್ನ ಹೊಟ್ಟೆ ಉರಿಯಿತು.

ಗಂಗಮ್ಮ ನನ್ನ ಕೈ ಹಿಡಿದಳು. "ಅಕ್ಕಾ, ದೇವರ ಮನಿ ಎಲ್ಲಿರಬೇಕು, ನೀನ ತೋರಸು."

ತೋರಿಸಿದೆ, ಬಿರುಕಿನಿಂದ ದೂರ, ಬೇವಿನ ಮರದಾಚೆ. ಅಷ್ಟು ಬುದ್ಧಿ ದೇವರು ಕೊಟ್ಟ. ಆಮೇಲೆ ಅವಳ ಒಲೆ ಮುಂದೆ ಕೂತು ಎಲ್ಲರಿಗೂ ರೊಟ್ಟಿ ಬಡಿದೆ. ಸದ್ದು ಸ್ವಲ್ಪ ಜೋರಾಗಿಯೇ ಇತ್ತು.