ಅತ್ತೆಯ ಕಾಣೆಯಾದ ಮಧ್ಯಾಹ್ನ

ಇಂಗ್ಲಿಷ್ ಓದಿದವನೆಂಬ ಅಪಕೀರ್ತಿ ಒಮ್ಮೆ ಅಂಟಿಕೊಂಡಿತೆಂದರೆ, ಬಂಧುಗಳ ಮನೆಯಲ್ಲಿ ಟೀವಿಯ ಮುಂದೆ ನಿಶ್ಚಿಂತೆಯಿಂದ ಕೂರುವ ಭಾಗ್ಯ ತಪ್ಪಿತೆಂದೇ ತಿಳಿಯಿರಿ. ಔಷಧದ ಬಾಟಲಿಯ ಚೀಟಿಯಿಂದ ಹಿಡಿದು ಪರದೇಶದ ಸಿನಿಮಾದ ಸಂಭಾಷಣೆಯವರೆಗೆ ಎಲ್ಲಕ್ಕೂ ನಾವೇ ಭಾಷ್ಯಕಾರರು. ಕಾಲೇಜಿನಲ್ಲಿ ಆ ಭಾಷೆಯನ್ನೇ ಕಲಿಸಿ ಹೊಟ್ಟೆ ಹೊರೆಯುತ್ತಿದ್ದ ನನಗೆ, ಅಮೆರಿಕದವರು ಮೂಗಿನಲ್ಲಿ ಆಡುವ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲವೆಂಬ ಗುಟ್ಟನ್ನು ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ.

ಕೇಬಲ್ ಟೀವಿ ಮನೆಮನೆಗೂ ಬಂದಿದ್ದ ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ, ವಿದ್ಯಾನಗರದ ನಮ್ಮ ಮನೆಯಿಂದ ಪಕ್ಕದೂರಾದ ಭದ್ರಾವತಿಯ ಓಲ್ಡ್ ಟೌನಿಗೆ ಹೋಗಿದ್ದೆ. ಅಲ್ಲಿ ನನ್ನ ತಂದೆಯ ತಂಗಿ ಸುಶೀಲತ್ತೆಯ ಮನೆ. ಮಾವ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಆಯುಷ್ಯವನ್ನೆಲ್ಲ ಬೇಯಿಸಿಕೊಂಡು ನಿವೃತ್ತರಾದವರು. ಊಟವಾಯಿತು, ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂತಳು, ಟೀವಿಯಲ್ಲಿ ಒಂದು ಇಂಗ್ಲಿಷ್ ಚಿತ್ರ ಶುರುವಾಯಿತು.

ಒಬ್ಬ ಶಾಲಾ ಶಿಕ್ಷಕಿ ಹಾಡಹಗಲಿನಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದಾಳೆ. ಜೋಳದ ಹೊಲದ ಮೇಲೆ ಒಂದು ಬೆಳಕು ಬಂದು ನಿಲ್ಲುತ್ತದೆ. ಅವಳು ರೆಪ್ಪೆ ಬಡಿದು ನೋಡುವಷ್ಟರಲ್ಲಿ ಸಂಜೆ. ನಡುವಿನ ಹೊತ್ತು ಎಲ್ಲಿ ಹೋಯಿತು? ಅನ್ಯಗ್ರಹದವರು ತನ್ನನ್ನು ಕದ್ದೊಯ್ದಿದ್ದರೆಂದು ಅವಳ ಅಂಬೋಣ. ಮೊದಲಿಗೇ ತೆರೆಯ ಮೇಲೆ ಮೂಡಿದ ‘ನಿಜವಾಗಿ ನಡೆದುದೆಂದು ಹೇಳಲಾದ ಘಟನೆ’ ಎಂಬರ್ಥದ ಸಾಲನ್ನು ನಾನು “ನಡೆದದ್ದಂತೆ” ಎಂದು ಕನ್ನಡಿಸಿ, ನಮ್ಮ ಭಾಷೆಯ ಆ ಪುಟ್ಟ ‘ಅಂತೆ’ಯ ಸಾಮರ್ಥ್ಯಕ್ಕೆ ಒಳಗೊಳಗೇ ಬೀಗಿದೆ.

“ಬರೀ ಅಂತೆಕಂತೆ,” ಎಂದು ಮಾವ ನಕ್ಕರು. ಕುಲುಮೆಯಿಂದ ಕಾದ ಕಿಟ್ಟ ಸುರಿದಾಗಲೆಲ್ಲ ಆಕಾಶ ಕೆಂಪಾಗುವುದನ್ನು ಕಂಡು ಬದುಕಿದವರಿಗೆ ಯಾವ ಬೆಳಕು ತಾನೇ ಭಯ ಹುಟ್ಟಿಸೀತು!

ಅತ್ತೆ ನಗಲಿಲ್ಲ. ಅವಳ ಬೆರಳುಗಳು ಬೆಳ್ಳುಳ್ಳಿಯ ಮೇಲೆ ನಿಂತುಬಿಟ್ಟಿದ್ದವು.

ಆಗ ನನಗೆ ನೆನಪಾಯಿತು. ಅಮ್ಮ ತಗ್ಗಿದ ದನಿಯಲ್ಲಿ ಹೇಳಿದ್ದ ಹಳೆಯ ಸಂಗತಿ. ಮದುವೆಯಾದ ಹೊಸದರಲ್ಲಿ ಅತ್ತೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದವಳು, ಮಧ್ಯಾಹ್ನದ ಊಟ ಮುಗಿಸಿ, ಆಗತಾನೇ ಕಟ್ಟಿದ ಮಲ್ಲಿಗೆಮೊಗ್ಗು ಮುಡಿದು, ಒಬ್ಬಳೇ ಭದ್ರಾವತಿಯ ಬಸ್ಸು ಹತ್ತಿದ್ದಳು. ಊರು ಇನ್ನೇನು ಬಂತು ಎನ್ನುವಾಗ ಬಸ್ಸು ಕೆಟ್ಟಿತು. ಉಳಿದವರು ನಡೆದು ಬಿಸಿಲಿರುವಾಗಲೇ ಮನೆ ಸೇರಿದರು. ಅತ್ತೆ ಬಾಗಿಲಿಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಎಲ್ಲಿದ್ದೆ ಎಂದರೆ, ನೇರವಾಗಿ ಬಂದೆ ಎಂದಳು. ಅವಳ ಅತ್ತೆಯ ಕಣ್ಣು ಮುಡಿಯ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಬಿರಿದು ಘಮಘಮಿಸಬೇಕಿದ್ದ ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಅರಳಿರಲಿಲ್ಲ.

ಆಮೇಲೆ ಕೇರಿಯವರು ಏನೆಲ್ಲ ಆಡಿಕೊಂಡರೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಮಾವ ಮಾತ್ರ ಒಂದು ಮಾತೂ ಕೇಳಲಿಲ್ಲ. ಆದರೆ ಅಂದಿನಿಂದ ಅವಳು ಒಬ್ಬಳೇ ಬಸ್ಸು ಹತ್ತಿದ್ದೇ ಇಲ್ಲ. ತವರಿಗೆ ಬಂದಾಗಲೆಲ್ಲ ಪಕ್ಕದಲ್ಲಿ ಮಾವ ಇರುತ್ತಿದ್ದರು. ಅದು ಪ್ರೀತಿಯೋ ಕಾವಲೋ ನಮಗಾರಿಗೂ ತಿಳಿದಿರಲಿಲ್ಲ, ಬಹುಶಃ ಅತ್ತೆಗೂ.

ಟೀವಿಯಲ್ಲಿ ಈಗ ಶಿಕ್ಷಕಿ ಗಂಡನೆದುರು ಅಳುತ್ತಿದ್ದಳು. ಅವನು ಕಿಟಕಿಯತ್ತ ಮುಖ ಮಾಡಿ ಮೆಲ್ಲಗೆ ಏನೋ ಅಂದ.

“ಏನಂದ್ನೋ ಅವಳ ಗಂಡ?” ಅತ್ತೆ ಕೇಳಿದಳು.

ದುರದೃಷ್ಟಕ್ಕೆ ಇಡೀ ಚಿತ್ರದಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ ವಾಕ್ಯ: ನಿನ್ನ ಮಾತನ್ನು ನಾನು ನಂಬುವುದಿಲ್ಲ. ಬಾಯಿ ತೆರೆಯಲು ತಡವರಿಸಿದೆ. ಅಷ್ಟರಲ್ಲಿ, ಇಂಗ್ಲಿಷಿನ ಗಂಧವೇ ಇಲ್ಲದ ಮಾವ ಟೀವಿಯಿಂದ ಕಣ್ಣು ಕೀಳದೆ ಹೇಳಿದರು:

“ನಂಬ್ತೀನಿ ಅಂತಿದಾನೆ ಕಣೇ.”

ಅತ್ತೆ ನನ್ನ ಕಡೆ ತಿರುಗಿದಳು. “ಹೌದೇನೋ?”

“ಹೌದತ್ತೆ,” ಎಂದೆ. ನನ್ನ ವಿದ್ವತ್ತು ಅಷ್ಟು ಸಾರ್ಥಕವಾದದ್ದು ಹಿಂದೆಂದೂ ಇಲ್ಲ.

ಅವಳು ಬೆಳ್ಳುಳ್ಳಿಯ ತಟ್ಟೆಯನ್ನು ಬದಿಗಿಟ್ಟಳು. “ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಂತೆ ಅವನಿಗೆ?”

“ಹೆದರಿಕೆ ಇತ್ತೇನೋ,” ಎಂದರು ಮಾವ. “ಕೇಳಿದ್ರೆ ಏನು ಹೇಳಿಬಿಡ್ತಾಳೋ ಅಂತ.”

ಆಗ ಅತ್ತೆ, ನಾನಿರುವುದನ್ನು ಮರೆತವಳಂತೆ, ಹೇಳಿದಳು. “ನಂಗೆ ಬೆಳಕುಗಿಳಕು ಏನೂ ಕಾಣ್ಲಿಲ್ಲ ರೀ. ಹುಣಸೆಮರದ ಕೆಳಗೆ ನಡೀತಾ ಇದ್ದೆ. ಹಕ್ಕಿಗಳ ಸದ್ದು ಒಂದೇ ಸಲ ನಿಂತುಹೋಯ್ತು. ಮುಂದೆ ನಡೀತಿದ್ದೋರ ಸದ್ದೂ ಇಲ್ಲ. ಯಾಕೆ ಅಂತ ತಲೆ ಎತ್ತಿದೆ. ಮುಂದಿನ ಹೆಜ್ಜೆ ಇಟ್ಟಿದ್ದು ನಮ್ಮನೆ ಹೊಸ್ತಿಲ ಮೇಲೆ.”

ಹೊರಗೆ ಸುಡುಬಿಸಿಲು. ಚಿತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು; ಅರ್ಥ ಹೇಳು ಎಂದು ಯಾರೂ ಕೇಳಲಿಲ್ಲ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಮಾವನ ಫೋನು ಬಂತು. “ನಿಮ್ಮತ್ತೆ ಒಬ್ಳೇ ಬರ್ತಾ ಇದಾಳೆ. ನಾನೇ ಬಸ್ ಹತ್ತಿಸಿದೀನಿ.” ದನಿಯಲ್ಲಿ ಮದುಮಗನ ಸಂಭ್ರಮವಿತ್ತು.

ಒಂದು ಗಂಟೆಯೂ ಹಿಡಿಯದ ದಾರಿ. ನಾನು ವಿದ್ಯಾನಗರದ ಸ್ಟಾಪಿನಲ್ಲಿ ಹೋಗಿ ನಿಂತೆ. ಬಸ್ಸುಗಳು ಬಂದವು, ಹೋದವು, ಅತ್ತೆ ಇಳಿಯಲಿಲ್ಲ. ದಾರಿಯಲ್ಲಿ ಯಾವುದಾದರೂ ಬಸ್ಸು ಕೆಟ್ಟು ನಿಂತಿದೆಯೇ ಎಂದು ಕಂಡಕ್ಟರುಗಳನ್ನು ವಿಚಾರಿಸಿದೆ. ಇಲ್ಲವೆಂದರು. ನೆರಳು ಉದ್ದವಾಯಿತು, ಆಮೇಲೆ ನೆರಳೇ ಇಲ್ಲದಾಯಿತು. ಬೀದಿದೀಪಗಳು ಹೊತ್ತಿಕೊಂಡ ಮೇಲೆ ಬಂದ ಒಂದು ಬಸ್ಸಿನಿಂದ ಅವಳೊಬ್ಬಳೇ ಇಳಿದಳು. ಸೆರಗು ಸರಿಮಾಡಿಕೊಂಡು, ಹುಡುಗಿಯಂತೆ ನಕ್ಕಳು.

“ಎಷ್ಟು ಬೇಗ ಬಂದುಬಿಟ್ಟೆ ನೋಡು ಮಾರಾಯ! ಸುಮ್ನೆ ಇಷ್ಟು ವರ್ಷ ಹೆದರ್ಕೊಂಡು ಕೂತಿದ್ದೆ.”

ಮನೆಗೆ ಕರೆತಂದು, ಅವಳು ಕೈಕಾಲು ತೊಳೆಯಲು ಒಳಗೆ ಹೋದಾಗ ಭದ್ರಾವತಿಗೆ ಫೋನು ಮಾಡಿದೆ. ಮೊದಲ ಗಂಟೆ ಮುಗಿಯುವ ಮುನ್ನವೇ ಮಾವ ಎತ್ತಿದರು.

“ಬಂದ್ಲಾ?”

“ಬಂದ್ಲು ಮಾವ. ಈಗಷ್ಟೇ, ಇಷ್ಟು ಹೊತ್ತಿಗೆ…”

“ಬಂದ್ಲಲ್ಲ, ಸಾಕು,” ಎಂದರು ಮಾವ. “ಹೊತ್ತು ಹೇಳ್ಬೇಡ.”